ಮೋಸ ಹೋದ ಹಣವನ್ನು ಮರಳಿ ಕೇಳಬಹುದೇ?

ಪರದೇಶ ಪ್ರವಾಸ ಈಗ ಬೆಂಗಳೂರಿನವರಿಗೆ ಮಾತ್ರ ಮೀಸಲಲ್ಲ. ನವಲಗುಂದ, ಕುಂದಗೋಳ, ಅಣ್ಣಿಗೇರಿ, ಕಲಘಟಗಿ ಕಡೆಯ ಮನೆಗಳಿಂದಲೂ ಮಕ್ಕಳ ದುಡಿಮೆಯಿಂದ ರೋಮ್, ಬ್ಯಾಂಕಾಕ್ ನೋಡಿ ಬರುವವರಿದ್ದಾರೆ. ಅಲ್ಲಿ ಮೋಸ ಹೋದವರು ಊರಿಗೆ ಬಂದ ಮೇಲೆ ಸುಮ್ಮನಿರುತ್ತಾರೆ. ಯಾರಾದರೂ ಒತ್ತಿ ಕೇಳಿದರೆ, ‘ಹೋಗ್ಲಿ ಬಿಡ್ರಿ, ಕ್ಷಮಿಸಿಬಿಟ್ಟೇವಿ’ ಎನ್ನುತ್ತಾರೆ. ಇದು ನಿಜವಾಗಿ ಕ್ಷಮೆಯೋ, ಅಥವಾ ನಾಚಿಕೆಗೆ ಹೊದಿಸಿದ ಹೊದಿಕೆಯೋ?

ಬ್ಯಾಂಕಾಕಿನ ಹರಳಿನ ಮೋಸ ಹಲವು ದಶಕಗಳಷ್ಟು ಹಳೆಯದು. ಅರಮನೆಯ ಹತ್ತಿರ ಸಭ್ಯನಂತೆ ಕಾಣುವ ಒಬ್ಬನು ‘ಇವತ್ತು ಅರಮನೆ ಮುಚ್ಚಿದೆ’ ಎನ್ನುತ್ತಾನೆ. ಮುಚ್ಚಿರುವುದಿಲ್ಲ. ಅಲ್ಲಿಯ ಮೂರು ಗಾಲಿಯ ‘ತುಕ್‌ತುಕ್’ ಗಾಡಿ ಕರೆಸಿ, ಅಗ್ಗದ ಬಾಡಿಗೆಗೆ ಬೇರೆ ಗುಡಿಗಳನ್ನು ತೋರಿಸಲು ಹೇಳುತ್ತಾನೆ. ದಾರಿಯಲ್ಲಿ ಇನ್ನೊಬ್ಬ ಸಿಗುತ್ತಾನೆ. ಹರಳುಗಳ ಸರಕಾರಿ ರಿಯಾಯಿತಿ ಮಾರಾಟಕ್ಕೆ ಇವತ್ತೇ ಕೊನೆಯ ದಿನ, ನಿಮ್ಮ ದೇಶಕ್ಕೆ ಒಯ್ದು ಮಾರಿದರೆ ದುಪ್ಪಟ್ಟು ಬರುತ್ತದೆ ಎಂದು ಆತ ಹೇಳುತ್ತಾನೆ. ಊರಿಗೆ ಬಂದು ಅಕ್ಕಸಾಲಿಗನಿಗೆ ತೋರಿಸಿದಾಗ ಅದರ ನಿಜ ಬೆಲೆ ತಿಳಿಯುತ್ತದೆ. ‘ಪಾಯಾ ತೆಗೆಯುವಾಗ ಬಂಗಾರದ ನಾಣ್ಯ ಸಿಕ್ಕಾವ, ಯಾರಿಗೂ ಹೇಳಬ್ಯಾಡ್ರಿ’ ಎಂದು ನಮ್ಮ ಕಡೆ ಮಾಡುವ ಮೋಸಕ್ಕೂ ಇದಕ್ಕೂ ಏನು ವ್ಯತ್ಯಾಸ? ಎರಡರಲ್ಲೂ ನಮ್ಮ ಆಸೆಯೇ ಗಾಳದ ಹುಳು.

ರೋಮಿನಲ್ಲಿ ಭಕ್ತಿಯನ್ನೇ ಗಾಳಕ್ಕೆ ಹಾಕುವವರಿದ್ದಾರೆ. ಬುಧವಾರದಂದು ಜಗದ್ಗುರುಗಳ ಸಾರ್ವಜನಿಕ ದರ್ಶನದ ಟಿಕೆಟು ಪೂರ್ತಿ ಉಚಿತ. ಅದನ್ನೂ ಹಣಕ್ಕೆ ಮಾರುತ್ತಾರೆ.

ಮೋಸಗಾರನ ಮೇಲೆ ಹಗೆ ಇಟ್ಟುಕೊಳ್ಳದಿರುವುದು ಪ್ರಭುವಿನ ಆಜ್ಞೆ. ಆದರೆ ಹಗೆಯನ್ನು ಬಿಡುವುದು ಬೇರೆ, ಹಣವನ್ನು ಬಿಡುವುದು ಬೇರೆ. ಲೂಕನ ಶುಭಸಂದೇಶದ ಜಕ್ಕಾಯನನ್ನು ನೆನೆಯಿರಿ. ಯೇಸು ಮನೆಗೆ ಬಂದಾಗ ಅವನು ಕಣ್ಣೀರು ಸುರಿಸಿ ಸುಮ್ಮನಾಗಲಿಲ್ಲ, ಮೋಸದಿಂದ ಪಡೆದದ್ದನ್ನು ನಾಲ್ಕು ಪಟ್ಟು ಹಿಂದಿರುಗಿಸುವ ಮಾತು ಕೊಟ್ಟನು. ಹಿಂದಿರುಗಿಸಲು ಶಕ್ತಿಯಿದ್ದೂ ಹಿಂದಿರುಗಿಸದವನ ಪಶ್ಚಾತ್ತಾಪ ಬರೀ ನಟನೆ ಎಂದು ಸಂತ ಅಗಸ್ಟೀನರು ಬರೆದಿದ್ದಾರೆ. ಧರ್ಮಸಭೆ 1992ರಲ್ಲಿ ಹೊರತಂದ ಧರ್ಮೋಪದೇಶ ಗ್ರಂಥದ 2412ನೆಯ ಕಂಡಿಕೆಯೂ ಕದ್ದದ್ದನ್ನು ಒಡೆಯನಿಗೆ ಮರಳಿಸಬೇಕೆಂದು ವಿಧಿಸುತ್ತದೆ. ಹಾಗಿರುವಾಗ ಕೇಳುವುದರಲ್ಲಿ ತಪ್ಪೇನು?

ಇನ್ನೊಂದು ಮಾತನ್ನು ನಾವು ಮರೆಯುತ್ತೇವೆ. ಹೋದ ಹಣ ಯಾರದು? ಮಗನ ಸಂಬಳ, ಹೆಂಡತಿ ಸ್ತ್ರೀಶಕ್ತಿ ಸಂಘದಲ್ಲಿ ಎತ್ತಿದ ಸಾಲ, ಮಗಳ ಮದುವೆಗೆಂದು ಇಟ್ಟ ಗಂಟು, ಇವೆಲ್ಲ ಅದರಲ್ಲಿ ಸೇರಿರಬಹುದು. ತನ್ನ ಪಾಲನ್ನು ಬಿಟ್ಟುಕೊಡುವ ಹಕ್ಕು ಯಜಮಾನನಿಗೆ ಇದೆ. ಅವರ ಪಾಲನ್ನು ಅವರನ್ನು ಕೇಳದೆ ‘ಕ್ಷಮಿಸಲು’ ಅವನಾರು? ಮೊದಲು ಮನೆಯವರಿಗೆ ಹೇಳಬೇಕು. ಅದೇ ಎಲ್ಲಕ್ಕಿಂತ ಕಷ್ಟ.

‘ನಾನೂ ಲಾಭಕ್ಕೆ ಆಸೆಪಟ್ಟೆನಲ್ಲ, ಯಾವ ಮುಖ ಇಟ್ಟುಕೊಂಡು ಕೇಳಲಿ?’ ಎನ್ನುವವರಿದ್ದಾರೆ. ನಿಮ್ಮ ಆಸೆಯನ್ನು ಪಾಪನಿವೇದನೆಯಲ್ಲಿ ಹೇಳಿಕೊಳ್ಳಿ. ಅದರಿಂದ ಮೋಸಗಾರನ ಋಣ ಒಂದು ಪೈಸೆಯೂ ಕಡಿಮೆಯಾಗದು.

ಆದರೆ ಕೇಳುವ ದಾರಿಯೂ ನೆಟ್ಟಗಿರಬೇಕು. ನನಗೆ ಹೆಚ್ಚು ಭಯವಿರುವುದು ಇಲ್ಲಿಯೇ. ತಾನು ಕಾರ್ಡ್ ಬಳಸದೆ ಇದ್ದಾಗ ಬೇರೆಯವರು ಹಣ ಎಳೆದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದ ಗ್ರಾಹಕನಿಗೆ ನಷ್ಟ ತಟ್ಟದಂತೆ ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ರಕ್ಷಣೆ ಕೊಟ್ಟಿತು. ಅಂಗಡಿಯಲ್ಲಿ ಸ್ವತಃ ಕಾರ್ಡ್ ಕೊಟ್ಟು ಸಹಿ ಮಾಡಿದವನು ‘ನಾನು ಬಳಸಿಯೇ ಇಲ್ಲ’ ಎಂದು ಬ್ಯಾಂಕಿಗೆ ಬರೆದುಕೊಟ್ಟರೆ? ಆಗ ಮೋಸ ಹೋದವನೇ ಮೋಸ ಮಾಡಿದಂತಾಯಿತು. ‘ಕೊಂಡದ್ದು ನಿಜ, ಆದರೆ ಹೇಳಿದ ಮಾಲು ಇದಲ್ಲ’ ಎಂದೇ ತಕರಾರು ಹಾಕಬಹುದು. ರಶೀದಿಯನ್ನು, ಅವರು ಕೊಟ್ಟ ಪ್ರಮಾಣಪತ್ರವನ್ನು ಜೊತೆಗಿಡಿ. ಆ ದೇಶದಲ್ಲಿ ಇರುವಾಗಲೇ ದೂರು ಕೊಟ್ಟರೆ ಅದಕ್ಕೆ ಹೆಚ್ಚು ತೂಕ. ಥಾಯ್ಲೆಂಡಿನಲ್ಲಿ ಪ್ರವಾಸಿ ಪೊಲೀಸರ ಸಂಖ್ಯೆ 1155. ನಮ್ಮ ರಾಯಭಾರ ಕಚೇರಿ ದಾರಿ ತೋರಿಸೀತು, ಅಂಗಡಿಯವನಿಂದ ಹಣ ವಸೂಲಿ ಮಾಡಿಕೊಡಲಾರದು.

ಆ ಹರಳನ್ನೇ ‘ಬ್ಯಾಂಕಾಕ್ ಮಾಲು’ ಎಂದು ಬೀಗರಿಗೆ ದಾಟಿಸಿ ನಷ್ಟ ತುಂಬಿಕೊಳ್ಳುವ ಯೋಚನೆಯಂತೂ ಬೇಡವೇ ಬೇಡ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 318ನೆಯ ಕಲಮಿನಲ್ಲಿ ಅದು ವಂಚನೆ, ದೇವರ ಏಳನೆಯ ಕಟ್ಟಳೆಯಲ್ಲಿ ಕಳವು. ಕಳೆದ ಹಣವನ್ನು ತಂದುಕೊಡುತ್ತೇವೆ, ಮೊದಲು ಫೀ ಕಟ್ಟಿರಿ ಎಂದು ಫೋನ್ ಮಾಡುವವರನ್ನೂ ದೂರ ಇಡಿ. ಗಾಯದ ವಾಸನೆ ಹಿಡಿದು ಬರುವ ಎರಡನೆಯ ತಂಡ ಅದು.

ಕೊನೆಗೆ ಅಂಗಡಿಯವನು ಅರ್ಧ ಹಣ ಕೊಡುತ್ತೇನೆ, ಮೋಸ ಆಗಿಲ್ಲವೆಂದು ಬರೆದುಕೊಡು ಎಂದರೆ ಏನು ಮಾಡಬೇಕು? ಮನೆಯ ಅಡಚಣೆ ನೋಡಿ ಅರ್ಧಕ್ಕೆ ಒಪ್ಪುವುದು ತಪ್ಪಲ್ಲ ಎಂದು ನನ್ನ ಎಣಿಕೆ. ಇಷ್ಟು ಹಣ ಮುಟ್ಟಿತು ಎಂದು ಸಹಿ ಮಾಡಿರಿ. ಮೋಸ ಆಗಿಲ್ಲ ಎಂದು ಮಾತ್ರ ಬರೆಯಬೇಡಿ. ನಾಳೆ ಅದೇ ಅಂಗಡಿಯ ಮುಂದೆ ಗಾಡಿಯಿಂದ ಇಳಿಯುವವನಿಗೆ ನಿಮ್ಮ ಆ ಒಂದು ಸಾಲೇ ಮುಳುವಾದೀತು.