ಮೇಷ್ಟ್ರ ಬದನೆಕಾಯಿ

‘ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.’ ಗಾದೆ ಎಲ್ಲರ ಬಾಯಲ್ಲೂ ಇದೆ, ಅದರ ಹಿಂದಿನ ಕಥೆ ಮಾತ್ರ ಅರ್ಧಕ್ಕರ್ಧ ಮರೆತುಹೋಗಿದೆ. ಪುರಾಣಿಕರೊಬ್ಬರು ಗುಡಿಯಲ್ಲಿ ಕೂತು, ಬದನೆಕಾಯಿ ತಿಂದವರಿಗೆ ಸುತ್ತಿಕೊಳ್ಳುವ ಪಾಪವನ್ನು ರಸವತ್ತಾಗಿ ಬಣ್ಣಿಸಿದರು. ಹೆಂಗಸರ ಸಾಲಿನಲ್ಲಿದ್ದ ಅವರ ಹೆಂಡತಿ ಹೆದರಿ ಮನೆಗೆ ಓಡಿಬಂದು, ಅಡುಗೆಗೆ ತಂದಿಟ್ಟಿದ್ದ ಬದನೆಕಾಯಿಯನ್ನೆಲ್ಲ ತಿಪ್ಪೆಗೆ ಸುರಿದಳು. ಎಲೆ ಮುಂದೆ ಕೂತ ಪುರಾಣಿಕರು ‘ಎಣ್ಣೆಗಾಯಿ ಎಲ್ಲಿ?’ ಎಂದರು. ಆಕೆ ನಡೆದದ್ದು ಹೇಳಿದಳು. ‘ಅಯ್ಯೋ ಪೆದ್ದಿ, ಅದು ಪುರಾಣದ ಬದನೆಕಾಯಿ ಕಣೇ, ಇದು ತಿನ್ನೋ ಬದನೆಕಾಯಿ!’

ಈ ಗಾದೆಯನ್ನು ನಾವು ರಾಜಕಾರಣಿಗಳ ಕಡೆಗೋ ಸ್ವಾಮಿಗಳ ಕಡೆಗೋ ಎಸೆದು ಸುಮ್ಮನಾಗುತ್ತೇವೆ. ನನಗೆ ಕೇಳಿದರೆ ಅದು ಸರಿಯಾಗಿ ಹೊಂದುವ ಜಾಗ ಆರರಿಂದ ಎಂಟನೇ ತರಗತಿಯ ಕೋಣೆ. ಪುರಾಣಿಕರು ಬದನೆಕಾಯಿಗೆ ಆಸೆಪಟ್ಟದ್ದು ದೊಡ್ಡ ಅಪರಾಧವೇನಲ್ಲ. ನಾಲಿಗೆ ಚಪಲ ಯಾರಿಗಿಲ್ಲ? ಇರುವ ಒಂದು ಬದನೆಕಾಯಿಯನ್ನು ಎರಡು ಮಾಡಿದರಲ್ಲ, ಅಲ್ಲಿದೆ ತಪ್ಪು. ಕಥೆಯಲ್ಲಿ ನಿಜವಾದ ವಿದ್ಯಾರ್ಥಿ ಅಂದರೆ ಆ ಹೆಂಡತಿ. ಕೇಳಿದ್ದನ್ನು ಕೇಳಿದ ಹಾಗೇ ನಂಬಿದಳು, ನಂಬಿದ ಹಾಗೇ ನಡೆದಳು, ಕೊನೆಗೆ ಪೆದ್ದಿ ಅನ್ನಿಸಿಕೊಂಡಳು. ಆಮೇಲೆ ಆಕೆ ಕಲಿತದ್ದೇನಿರಬಹುದು? ಬಾಯಲ್ಲಿ ಒಂದು, ಕೈಯಲ್ಲಿ ಒಂದು ಇಟ್ಟುಕೊಂಡು ಎರಡಕ್ಕೂ ಸಮಜಾಯಿಷಿ ಹೇಳುವ ವಿದ್ಯೆ. ಶಾಲೆಯಲ್ಲಿ ಮಕ್ಕಳಿಗೆ ಯಾರೂ ಪಾಠ ಮಾಡದೆಯೇ ಬಂದುಬಿಡುವ ವಿದ್ಯೆಯೂ ಇದೇ.

ಈ ವಯಸ್ಸಿನವರೇ ಯಾಕೆ ಅಂದರೆ, ಕೆಳಗಿನ ತರಗತಿಗಳ ನಲಿಕಲಿಯ ಮಗುವಿಗೆ ಟೀಚರ್ ಹೇಳಿದ್ದೇ ವೇದ. ಮನೆಯಲ್ಲಿ ಅಪ್ಪ ತಿದ್ದಿದರೂ ‘ನಮ್ಮ ಮಿಸ್ಸು ಹೀಗೇ ಹೇಳಿದ್ದು’ ಅನ್ನುತ್ತದೆ. ಆರನೇ ತರಗತಿಗೆ ಬಂದಮೇಲೆ ಗಣಿತ ವಿಜ್ಞಾನಕ್ಕೆ ಒಬ್ಬರು, ಸಮಾಜಕ್ಕೆ ಒಬ್ಬರು, ಭಾಷೆಗೆ ಇನ್ನೊಬ್ಬರು. 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಹೀಗೇ ಇರಬೇಕು ಅನ್ನುತ್ತದೆ. ನಾಲ್ಕು ಮುಖ ಕಂಡ ಮಗು ಹೋಲಿಸಿ ನೋಡದೆ ಇರುತ್ತದೆಯೇ? ಯಾರು ಬೆಲ್ಲಿಗೆ ಮುಂಚೆ ಬರುತ್ತಾರೆ, ಯಾರು ಪಾಠದ ನಡುವೆ ಮೊಬೈಲ್ ಸವರುತ್ತಾರೆ, ಯಾರ ಸಿಟ್ಟು ಯಾರ ಮೇಲೆ ಮಾತ್ರ ಇಳಿಯುತ್ತದೆ, ಎಲ್ಲಾ ಲೆಕ್ಕ ಇರುತ್ತದೆ. ಶಾಲೆಯ ಹಿಂದಿನ ಮೈದಾನದಲ್ಲಿ ಏಳನೇ ತರಗತಿಯ ಹುಡುಗರು ಮೇಷ್ಟ್ರ ಅಣಕು ಮಾಡುವುದನ್ನು ಮರೆಯಲ್ಲಿ ನಿಂತು ಒಮ್ಮೆ ನೋಡಬೇಕು. ಇಲಾಖೆಯ ಯಾವ ತಪಾಸಣೆಯೂ ಅಷ್ಟು ನಿಖರವಾಗಿರುವುದಿಲ್ಲ.

ಮಧ್ಯಾಹ್ನದ ಊಟದ ಹೊತ್ತನ್ನೇ ತೆಗೆದುಕೊಳ್ಳಿ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಉಂಡ 23 ಮಕ್ಕಳು ಸತ್ತಮೇಲೆ, ಬಡಿಸುವ ಮುಂಚೆ ಶಿಕ್ಷಕರು ರುಚಿ ನೋಡಲೇಬೇಕೆಂಬ ನಿಯಮ ಎಲ್ಲ ಕಡೆ ಬಿಗಿಯಾಯಿತು. ಒಬ್ಬ ಮೇಷ್ಟ್ರು ನಿಂತಲ್ಲೇ ಒಂದು ಚಮಚ ಸಾಂಬಾರು ನೆಕ್ಕಿ, ಪುಸ್ತಕದಲ್ಲಿ ಸಹಿ ಹಾಕಿ, ಸ್ಟಾಫ್ ರೂಮಿಗೆ ಹೋಗಿ ಮನೆಯ ಡಬ್ಬಿ ಬಿಚ್ಚುತ್ತಾರೆ. ಇನ್ನೊಬ್ಬರು ತಟ್ಟೆ ತೊಳೆದುಕೊಂಡು ಮಕ್ಕಳ ಪಂಕ್ತಿಯಲ್ಲೇ ಕೂರುತ್ತಾರೆ. ನಿಯಮ ಇಬ್ಬರೂ ಪಾಲಿಸಿದರು. ‘ಅನ್ನ ಚೆಲ್ಲಬಾರದು’ ಎಂಬ ಮಾತು ಮಕ್ಕಳ ಕಿವಿಗೆ ಹೋಗುವುದು ಎರಡನೆಯವರ ಬಾಯಿಂದ ಬಂದಾಗ. (ಆ ಸಾಂಬಾರಿನಲ್ಲಿ ಬದನೆಕಾಯಿಯೂ ತೇಲುತ್ತಿರುತ್ತದೆ, ಮಕ್ಕಳು ಅದನ್ನು ಮೆಲ್ಲಗೆ ತಟ್ಟೆಯ ಅಂಚಿಗೆ ತಳ್ಳಿರುತ್ತಾರೆ, ಮೇಷ್ಟ್ರು ಏನು ಮಾಡುತ್ತಾರೆ ಎಂದು ಓರೆಗಣ್ಣಲ್ಲಿ ನೋಡುತ್ತಾ.)

ಇದಕ್ಕಿಂತ ಕಹಿಯಾದ ಬದನೆಕಾಯಿ ಒಂದಿದೆ, ಪೊರಕೆ. ಸಮಾಜ ವಿಜ್ಞಾನದ ಅವಧಿಯಲ್ಲಿ ಸಂವಿಧಾನದ 17ನೇ ವಿಧಿ, ಅಸ್ಪೃಶ್ಯತೆಯ ನಿಷೇಧ. ಪ್ರಶ್ನೆಪತ್ರಿಕೆಯಲ್ಲಿ ಎರಡು ಅಂಕಕ್ಕೆ ಬಂದರೂ ಬಂದೀತು. ಅದೇ ಶಾಲೆಯಲ್ಲಿ ಬೆಳಿಗ್ಗೆ ಅಂಗಳ ಗುಡಿಸು ಅಂತ ಕೂಗುವಾಗ ಮೇಷ್ಟ್ರ ಬಾಯಿಗೆ ಯಾರ ಹೆಸರು ಬರುತ್ತದೆ? ಸ್ಟಾಫ್ ರೂಮಿಗೆ ಕುಡಿಯುವ ನೀರು ತಾ ಅಂತ ಯಾರನ್ನು ಕಳಿಸುತ್ತಾರೆ, ಯಾರನ್ನು ಕಳಿಸುವುದಿಲ್ಲ? ಕಸ ಹೊಡೆಯುವುದಕ್ಕೆ ಹುಡುಗಿಯರು, ಅಂಗಡಿಯಿಂದ ಸೀಮೆಸುಣ್ಣ ತರುವುದಕ್ಕೆ ಹುಡುಗರು ಎಂದು ಯಾರು ಹಂಚಿದರು? ಯಾವ ಸುತ್ತೋಲೆಯೂ ಹಂಚಲಿಲ್ಲ, ತಾನಾಗಿ ನಡೆದುಕೊಂಡು ಬಂದಿದೆ. ಹಾಗೆ ನಡೆದುಕೊಂಡು ಬಂದದ್ದು ಎಲ್ಲಿಗೆ ಮುಟ್ಟೀತು ಎನ್ನುವುದಕ್ಕೆ 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲ್ಲೂಕಿನಿಂದ ಬಂದ ಸುದ್ದಿ ಸಾಕು. ವಸತಿ ಶಾಲೆಯ ಮಕ್ಕಳನ್ನೇ ಮಲದ ಗುಂಡಿಗೆ ಇಳಿಸಿದ್ದರು.

ಮಕ್ಕಳು ಶಾಲೆ ಗುಡಿಸಲೇಬಾರದು ಎಂದು ಕೆಲವರ ವಾದ. ನನಗೆ ಅದು ಪೂರ್ತಿ ಒಪ್ಪಿಗೆ ಇಲ್ಲ. ಗೋಡೆಗೆ ಒಂದು ಸರದಿ ಪಟ್ಟಿ ಅಂಟಿಸಿ, ಅದರಲ್ಲಿ ಎಲ್ಲರ ಹೆಸರೂ ಇದ್ದು, ಸೋಮವಾರದ ಸಾಲಿನಲ್ಲಿ ಮೇಷ್ಟ್ರ ಹೆಸರೂ ಇರಲಿ. ಮೇಷ್ಟ್ರು ಪಂಚೆ ಎತ್ತಿ ಕಟ್ಟಿಯೋ ಪ್ಯಾಂಟು ಮಡಚಿಯೋ ಪೊರಕೆ ಹಿಡಿದ ದಿನ ಹುಡುಗರು ಮೊದಲು ನಗುತ್ತಾರೆ, ಆಮೇಲೆ ಪೊರಕೆ ಕಿತ್ತುಕೊಳ್ಳಲು ಬರುತ್ತಾರೆ. ಆಗ ಕೊಟ್ಟುಬಿಡಬಾರದು.

ಬೆತ್ತದ ವಿಚಾರ ಬೇಗ ಮುಗಿಸಬಹುದು. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ನು ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಪೊರಕೆಗೂ ಹದಿನೇಳು, ಬೆತ್ತಕ್ಕೂ ಹದಿನೇಳು, ಕಾಕತಾಳೀಯ. ಜಗಳವಾಡಿದ ಇಬ್ಬರನ್ನು ಬಿಡಿಸಿ, ‘ಹೊಡೆದಾಡಬಾರದು’ ಅಂತ ಇಬ್ಬರಿಗೂ ಎರಡೆರಡು ಬಿಟ್ಟರೆ ಅವರು ತಿಳಿದುಕೊಳ್ಳುವುದು ಇಷ್ಟೇ: ದೊಡ್ಡವರಾದಮೇಲೆ ಹೊಡೆಯಬಹುದು.

ಹಾಗಾದರೆ ಮೇಷ್ಟ್ರು ಮನುಷ್ಯರಲ್ಲವೇ, ಅವರೇನು ಸಂತರೇ ಎಂದು ಕೇಳಬಹುದು. ಕೇಳಬೇಕಾದದ್ದೇ. ಗಣತಿ, ಚುನಾವಣೆ, ಮೊಟ್ಟೆಯ ಲೆಕ್ಕ, ಹಾಲಿನ ಪುಡಿಯ ಲೆಕ್ಕ, ಆನ್‌ಲೈನ್ ಮಾಹಿತಿ ತುಂಬುವುದು ಇವೆಲ್ಲದರ ನಡುವೆ ಪಾಠ ಮಾಡುವವರಿಗೆ ‘ಆದರ್ಶವಾಗಿರಿ’ ಎಂದು ಭಾಷಣ ಬಿಗಿಯುವುದು ಸುಲಭ. ಶಿಕ್ಷಕರ ದಿನಾಚರಣೆಯ ವೇದಿಕೆಯಲ್ಲಿ ಅದನ್ನು ಬಿಗಿಯುವವರದ್ದೂ ಒಂದು ಪುರಾಣವೇ. ಎಚ್. ನರಸಿಂಹಯ್ಯನವರಂಥವರು ಎಲ್ಲ ಶಾಲೆಗೂ ಸಿಗುವುದಿಲ್ಲ. ಪ್ರಶ್ನೆ ಕೇಳಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತಿದ್ದ ಆ ಭೌತಶಾಸ್ತ್ರದ ಮೇಷ್ಟ್ರು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ತನಿಖೆಗೆ ಸಮಿತಿ ಮಾಡಿ, ತಾವೇ ಎದ್ದುನಿಂತು ದೊಡ್ಡವರನ್ನು ಪ್ರಶ್ನೆ ಕೇಳಿದರು. ಸರಳವಾಗಿರಿ ಎಂದವರು ಖಾದಿ ಉಟ್ಟು, ಬದುಕಿನ ಬಹುಭಾಗವನ್ನು ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಕಳೆದರು. ಅಷ್ಟೆತ್ತರ ಎಲ್ಲರಿಂದ ಆಗದು. ಆದರೆ ಗುಟ್ಕಾ ಚಟ ಬಿಡಲಾಗದ ಮೇಷ್ಟ್ರು ಅದನ್ನು ಕಾಂಪೌಂಡಿನ ಹಿಂದೆ ಅವಿತು ಜಗಿಯುವ ಬದಲು, ‘ಇದು ನನ್ನ ಹಲ್ಲು ಹಾಳು ಮಾಡಿತು, ಬಿಡೋಕೆ ಒದ್ದಾಡ್ತಾ ಇದೀನಿ, ನೀವು ಶುರು ಮಾಡಬೇಡಿ’ ಅಂದರೆ ಬದನೆಕಾಯಿ ಮತ್ತೆ ಒಂದಾಯಿತು.

ಇನ್ನೂ ಸಣ್ಣದು, ದಿನವೂ ಒದಗುವುದು: ಬೋರ್ಡಿನ ಮೇಲಿನ ತಪ್ಪು. ಏಳನೇ ತರಗತಿ, ಪೂರ್ಣಾಂಕಗಳ ಲೆಕ್ಕ. ಎರಡನೇ ಬೆಂಚಿನ ಹುಡುಗಿ ಅರ್ಧ ಕೈ ಎತ್ತಿ, ‘ಸಾರ್, ಅಲ್ಲಿ ಮೈನಸ್ ಬರಬೇಕಲ್ವಾ?’ ಎನ್ನುತ್ತಾಳೆ. ‘ನಿಮ್ಮನ್ನ ಪರೀಕ್ಷೆ ಮಾಡೋಕೆ ಬೇಕಂತಲೇ ಬರೆದೆ’ ಎನ್ನುವುದು ಪುರಾಣಿಕರ ಉತ್ತರ, ಇಡೀ ತರಗತಿಗೆ ಅದು ಸುಳ್ಳೆಂದು ಗೊತ್ತು. ‘ಹೌದಮ್ಮ, ನಾನು ತಪ್ಪಿದೆ. ಬಾ, ನೀನೇ ಸರಿ ಮಾಡು’ ಎಂದು ಸೀಮೆಸುಣ್ಣ ಅವಳ ಕೈಗೆ ಕೊಡಲು ಅರ್ಧ ನಿಮಿಷ ಸಾಕು. ಆ ಮೇಷ್ಟ್ರು ಆಮೇಲೆ ನೋಟ್‌ಬುಕ್ ತಿದ್ದುವಾಗ, ಉತ್ತರ ತಪ್ಪಿದ್ದನ್ನು ಉಜ್ಜಿ ಹಾಳೆ ಹರಿಯದೆ, ಪಕ್ಕದವರದ್ದು ನೋಡಿ ಬರೆಯದೆ, ‘ಇಲ್ಲಿಂದ ಮುಂದೆ ಬರಲಿಲ್ಲ ಸಾರ್’ ಎಂದು ಪೆನ್ಸಿಲಿನಲ್ಲಿ ಬರೆದು ಕೊಡುವ ಮಕ್ಕಳು ಒಬ್ಬಿಬ್ಬರಾದರೂ ಸಿಗುತ್ತಾರೆ.