ಬುದ್ಧನಿಗೂ ಬೆನ್ನುನೋವಿತ್ತು

ಮುದುಕನನ್ನು ಕಂಡು ತಲ್ಲಣಿಸಿದ ಸಿದ್ಧಾರ್ಥ ಅರಮನೆ ಬಿಟ್ಟು ಹೋದ ಕಥೆ ಎಲ್ಲರಿಗೂ ಬಾಯಿಪಾಠ. ಅದೇ ಸಿದ್ಧಾರ್ಥ ತಾನೇ ಮುದುಕನಾದಾಗ ಏನಾಯಿತು? ಪಾಲಿ ಗ್ರಂಥಗಳು ಅದನ್ನು ಮುಚ್ಚಿಡದೆ ಹೇಳುತ್ತವೆ.

ಶ್ರಾವಸ್ತಿಯಲ್ಲಿ ಒಂದು ಸಂಜೆ ಬುದ್ಧ ಬೆನ್ನಿಗೆ ಇಳಿಬಿಸಿಲು ಕಾಯಿಸುತ್ತ ಕೂತಿದ್ದ. ಕೈಕಾಲು ನೀವುತ್ತಿದ್ದ ಶಿಷ್ಯ ಆನಂದ ಬೆಚ್ಚಿದ. ಚರ್ಮದ ಕಳೆ ಹೋಗಿದೆ, ಮೈ ಸುಕ್ಕುಗಟ್ಟಿದೆ, ಬೆನ್ನು ಮುಂದಕ್ಕೆ ಬಾಗಿದೆ, ಕಣ್ಣು ಕಿವಿಗಳೂ ಮೊದಲಿನಂತಿಲ್ಲ. ಕಂಡದ್ದನ್ನೆಲ್ಲ ಅವನು ಹೇಳಿಯೇಬಿಟ್ಟ. ಬುದ್ಧ ಬೇಸರಪಡಲಿಲ್ಲ, ಯೌವನದೊಳಗೇ ಮುಪ್ಪು ಕೂತಿರುತ್ತದೆ ಎಂದ.

ಇಂದಿನ ವೈದ್ಯರು ಇದನ್ನು ಅಲ್ಲಗಳೆಯುವುದಿಲ್ಲ. ಬೆನ್ನೆಲುಬಿನ ನಡುವಿನ ಮೆತ್ತೆಗಳು ನೀರಿನಂಶ ಕಳೆದುಕೊಂಡು ತೆಳುವಾಗುತ್ತವೆ, ಸ್ನಾಯು ಕರಗುತ್ತದೆ. ಕಣ್ಣಿನ ಮಸೂರವಂತೂ ಚಿಕ್ಕಂದಿನಿಂದಲೇ ಬಿಗಿಯುತ್ತ ಬರುತ್ತದೆ. ನಮಗೆ ಗೊತ್ತಾಗುವುದು 40 ದಾಟಿ ಚಾಳೀಸು ಬಂದಾಗ.

ಜ್ಞಾನೋದಯ ಬೆನ್ನುನೋವನ್ನೂ ತಡೆಯದಿದ್ದರೆ ಅದರಿಂದೇನು ಬಂತು? ಪ್ರಶ್ನೆ ಒರಟಾದರೂ ನ್ಯಾಯವಾದದ್ದೇ. ಬೌದ್ಧರ ಉತ್ತರ ಎರಡು ಬಾಣಗಳ ದೃಷ್ಟಾಂತದಲ್ಲಿದೆ. ಮೈನೋವು ಮೊದಲ ಬಾಣ, ಅದು ಯಾರನ್ನೂ ಬಿಡದು. ನನಗೇ ಏಕೆ ಹೀಗಾಯಿತೆಂದು ಹಲುಬುವುದು ಎರಡನೆಯದು. ವಿವೇಕಿಗೆ ಅದು ತಾಗುವುದಿಲ್ಲ. ಮುಪ್ಪಿನಿಂದ ಕಂಗೆಟ್ಟು ಬಂದ ಗೃಹಸ್ಥ ನಕುಲಪಿತನಿಗೂ ಬುದ್ಧ ಹೇಳಿದ್ದು ಇದನ್ನೇ: ದೇಹ ರೋಗಿಯಾದರೂ ಮನಸ್ಸು ರೋಗಿಯಾಗದಂತೆ ನೋಡಿಕೊ.

ಈ ಉಪದೇಶದಲ್ಲಿ ಒಂದು ಅಪಾಯವಿದೆ. ಮಂಡಿ ಹಿಡಿದು ಕೂತ ಅಜ್ಜಿಗೆ 'ಎಲ್ಲ ಮನಸ್ಸಿನಲ್ಲಿದೆ' ಎಂದು ಹೇಳಿ ಜಾರಿಕೊಳ್ಳುವವರಿಗೆ ಇದು ಒಳ್ಳೆಯ ನೆಪ. ಬುದ್ಧನ ನಡತೆ ಮಾತ್ರ ಹಾಗಿರಲಿಲ್ಲ. ಕಪಿಲವಸ್ತುವಿನಲ್ಲಿ ಶಾಕ್ಯರು ಕಟ್ಟಿಸಿದ ಹೊಸ ಸಭಾಭವನದಲ್ಲಿ ರಾತ್ರಿ ಬಹಳ ಹೊತ್ತು ಮಾತಾಡಿದ ಮೇಲೆ, ಬೆನ್ನು ನೋಯುತ್ತಿದೆ, ಮುಂದಿನದನ್ನು ನೀನು ಹೇಳು ಎಂದು ಆನಂದನಿಗೆ ವಹಿಸಿ ಬಲಮಗ್ಗುಲಾಗಿ ಮಲಗಿದ. ಅದೂ ತುಂಬಿದ ಸಭೆಯಲ್ಲಿ, ತನ್ನ ನೆಂಟರಿಷ್ಟರ ಎದುರಿಗೇ! ಕುಸಿನಾರದ ಕೊನೆಯ ದಾರಿಯಲ್ಲೂ ಅಷ್ಟೇ, ದಣಿವಾದಾಗ ವಸ್ತ್ರ ಹಾಸಿಸಿಕೊಂಡು ಮರದಡಿ ಕೂತ, ಕುಡಿಯಲು ನೀರು ಕೇಳಿದ. ಆಗ ಅವನಿಗೆ 80.

ನೋವನ್ನು ಒಪ್ಪಿಕೊಳ್ಳುವುದು, ಆಸರೆ ಕೇಳುವುದು ಜ್ಞಾನಕ್ಕೆ ಕುಂದಲ್ಲ ಎಂಬುದನ್ನು ಈ ಪ್ರಸಂಗಗಳು ಯಾವ ಉಪದೇಶಕ್ಕಿಂತ ಚೆನ್ನಾಗಿ ತೋರಿಸುತ್ತವೆ. ಆಸರೆಯಾಗುವವರ ಪಾಡನ್ನೂ ಸಂಪ್ರದಾಯ ಮರೆತಿಲ್ಲ. ಬುದ್ಧನಿಗೆ ಸುಮಾರು 55 ಆದಾಗ ಕಾಯಂ ಪರಿಚಾರಕನೊಬ್ಬ ಬೇಕಾದ. ಆನಂದ ಒಪ್ಪುವ ಮೊದಲು ಷರತ್ತು ಹಾಕಿದ: ನಿಮಗೆ ಬಂದ ಒಳ್ಳೆಯ ಚೀವರವನ್ನಾಗಲಿ ಭಿಕ್ಷೆಯನ್ನಾಗಲಿ ನನಗೆ ಕೊಡಬಾರದು. ಆಮೇಲೆ 25 ವರ್ಷ ಆ ಕೆಲಸ ಮಾಡಿದ.