ಪಾದ್ರಿಯ ಮಕ್ಕಳು

1665ರಲ್ಲಿ ಇಂಗ್ಲೆಂಡಿನ ಡರ್ಬಿಶೈರ್ ಸೀಮೆಯ ಈಮ್ ಹಳ್ಳಿಗೆ ಪ್ಲೇಗ್ ಬಂತು. ರೋಗ ಸುತ್ತಲ ಊರುಗಳಿಗೆ ಹರಡದಂತೆ ಯಾರೂ ಊರು ಬಿಡಬಾರದೆಂದು ಮರುವರ್ಷ ಸೇಂಟ್ ಲಾರೆನ್ಸ್ ಚರ್ಚಿನ ಪಾದ್ರಿ ವಿಲಿಯಂ ಮಾಂಪೆಸನ್ ಜನರನ್ನು ಒಪ್ಪಿಸಿದ. ಚರ್ಚು ಮುಚ್ಚಿತು, ಪ್ರಾರ್ಥನೆ ಬಯಲಿನಲ್ಲಿ ನಡೆಯಿತು. ಸತ್ತವರು ಸುಮಾರು 260 ಮಂದಿ.

ಈ ತ್ಯಾಗವನ್ನು ಎಲ್ಲರೂ ಹೊಗಳುತ್ತಾರೆ. ನನ್ನನ್ನು ಕಾಡುವುದು ಬೇರೆ: ಅದಕ್ಕೆ ಮೊದಲೇ ಮಾಂಪೆಸನ್ ತನ್ನ ಮಕ್ಕಳನ್ನು ಊರಾಚೆ ಕಳಿಸಿದ್ದ. ಹಾಗಿದ್ದವನಿಗೆ ಇತರರ ಮಕ್ಕಳನ್ನು ಒಳಗೇ ಉಳಿಸಿಕೊಳ್ಳಿ ಎನ್ನುವ ಹಕ್ಕಿತ್ತೇ?

ಅವನನ್ನು ಕಪಟಿ ಎನ್ನೋಣವೆಂದರೆ, ಹೆಂಡತಿ ಕ್ಯಾಥರೀನ್ ಜೊತೆಗೇ ಉಳಿದು ಆಗಸ್ಟಿನಲ್ಲಿ ತೀರಿಕೊಂಡಳು. ಅವನೂ ಓಡಲಿಲ್ಲ. ಮಕ್ಕಳ ವಿಷಯದಲ್ಲಿ ಮಾತ್ರ ಅವನು ಬರೀ ಅಪ್ಪನಾಗಿದ್ದ, ಅದು ನನಗೆ ಅರ್ಥವಾಗುತ್ತದೆ.

ಆದರೆ ಅದೇ ತಿಂಗಳು ಎಲಿಜಬೆತ್ ಹ್ಯಾನ್ಕಾಕ್ ಎಂಬಾಕೆ ಎಂಟು ದಿನಗಳೊಳಗೆ ಗಂಡನನ್ನೂ ಆರು ಮಕ್ಕಳನ್ನೂ ಮನೆಯ ಹತ್ತಿರದ ಹೊಲದಲ್ಲಿ ತಾನೇ ಹೂತಳು. ಅವಳ ಮುಂದೆ ನಿಂತು ಮಾಂಪೆಸನ್‌ನ ಪರ ವಾದಿಸಲು ನನಗೆ ಬಾಯಿ ಬರುವುದಿಲ್ಲ.